ಮಡಚುವ ಚಾಕುವಿಗೆ ಎಷ್ಟು ಕೊಡಬೇಕು

ಚಾಕು ಕೊಳ್ಳುವವರು ಮೊದಲು ಹಿಡಿಯನ್ನೇ ನೋಡುತ್ತಾರೆ. ನಾನೂ ಹಾಗೆ ನೋಡಿ ಕೊಂಡವನು, ಅದಕ್ಕೇ ಹೇಳುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಗೆ ನಾನು ಬ್ಯಾಡಗಿಯಲ್ಲಿ ಮುಂಬಯಿ ವ್ಯಾಪಾರಿಗಳ ಪರವಾಗಿ ಮೆಣಸಿನಕಾಯಿ ಆರಿಸುತ್ತಿದ್ದೆ. ಚೀಲದ ನಡುವಿನಿಂದ ನಾಲ್ಕು ಕಾಯಿ ತೆಗೆದು, ಉದ್ದಕ್ಕೆ ಸೀಳಿ, ಒಳಗೆ ಬೂಷ್ಟು ಹಿಡಿದಿದೆಯೇ ನೋಡಬೇಕು. ದಿನಕ್ಕೆ ನೂರಾರು ಕಾಯಿ. ಪಕ್ಕದ ಅಗಡಿ ಊರಿನ ಕಮ್ಮಾರ ಮಾಡಿಕೊಟ್ಟ ಚಾಕುವಿಗೆ ಮೂರು ದಿನಕ್ಕೊಮ್ಮೆ ಸಾಣೆ ಬೇಕು. ತೊಳೆದು ಒರೆಸದಿದ್ದರೆ ತುಕ್ಕು. ಆಗ ಹಾವೇರಿಯಲ್ಲಿ, ಗೋವಾದಿಂದ ಸಾಮಾನು ತರಿಸುತ್ತಿದ್ದ ಅಂಗಡಿಯವನೊಬ್ಬ ಜರ್ಮನಿಯ ಚಾಕು ತೋರಿಸಿದ. ಜಿಂಕೆ ಕೊಂಬಿನ ಹಿಡಿ, ಹಿತ್ತಾಳೆಯ ಪಟ್ಟಿ, ಕನ್ನಡಿಯಂಥ ಅಲಗು. ಮೂರು ಸಲ ಎದ್ದು ಹೊರಟು, ಮೂರು ಸಲ ಕರೆಸಿಕೊಂಡು, ಹೇಳಿದ ಬೆಲೆಯ ಅರ್ಧಕ್ಕೆ ಇಳಿಸಿದೆ. ಆ ಅರ್ಧಕ್ಕೇ ಕಮ್ಮಾರನ ಇಪ್ಪತ್ತು ಚಾಕು ಬರುತ್ತಿದ್ದವು.

ಅಲಗಿನಲ್ಲಿ ಮಾತ್ರ ಕೊರತೆ ಹುಡುಕುವಂತಿರಲಿಲ್ಲ. ಇಡೀ ಸುಗ್ಗಿ ಸಾಣೆ ಕೇಳಲಿಲ್ಲ.

ಅದೇ ಸುಗ್ಗಿಯಲ್ಲಿ ಸೋದರಮಾವನೊಂದಿಗೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರ ಮನೆಗೆ ಕನ್ಯಾ ನೋಡಲು ಹೋದೆ. ನನಗೆ ಹೊಲವಿಲ್ಲ, ಸ್ವಂತ ಮನೆಯಿಲ್ಲ. ‘ಹುಡುಗ ವ್ಯವಹಾರಸ್ಥ’ ಎಂಬ ಒಂದೇ ಮಾತಿನ ಮೇಲೆ ಅವರು ಕರೆದಿದ್ದರು. ಆ ಹೆಸರು ಕೆಟ್ಟರೆ ಸಂಬಂಧವೂ ಕೆಟ್ಟಂತೆ. ಬೆಳಿಗ್ಗೆ ಮಾರುಕಟ್ಟೆಯ ಕೆಲಸ ಮುಗಿಸಿ, ಚಾಕುವನ್ನು ಕರವಸ್ತ್ರಕ್ಕೆ ಒರೆಸಿ ರೈಲು ಹತ್ತಿದ್ದೆ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಅದನ್ನು ಮುಟ್ಟಿ ಕೈ ತೊಳೆಯಲು ನಾವ್ಯಾರೂ ಅವಸರ ಮಾಡುವವರಲ್ಲ. ಅಂದು ಕೊನೆಗೆ ಸೀಳಿದ್ದು ಗುಂಟೂರಿನಿಂದ ಬಂದ ಬೆಂಕಿಯಂಥ ಖಾರದ ಕಾಯಿ ಎಂಬುದು ಮರೆತೇ ಹೋಗಿತ್ತು.

ಪೇರಲ ಹಣ್ಣಿನ ತಟ್ಟೆ ಬಂತು. ಕತ್ತರಿಸಲು ಒಳಗೆ ಒಯ್ಯುತ್ತಿದ್ದವರನ್ನು ತಡೆದು, ಜಂಬದಿಂದ ನನ್ನ ಚಾಕು ಬಿಚ್ಚಿದೆ. ಮೊದಲ ಹೋಳು ಬಾಯಿಗಿಟ್ಟ ಹುಡುಗಿಯ ತಂದೆ ಕೆಮ್ಮತೊಡಗಿದರು, ಕಣ್ಣಲ್ಲಿ ನೀರು.

“ಬ್ಯಾಡಗಿ ಕಾಯಿಗೆ ಖಾರಿಲ್ಲ ಅಂತಿದ್ರಲ್ಲೋ!” ಎಂದು ಅವರ ತಾಯಿ, ಮನೆಯ ಅಜ್ಜಿ, ನಕ್ಕರು. “ಅಳಿಯ ಆಗೂಕಿಂತ ಮೊದಲ ಮಾವನ್ನ ಅಳಿಸಿದ ನೋಡು!”

ಹುಡುಗಿ ಮಜ್ಜಿಗೆ ತಂದು ತಂದೆಗೆ ಕೊಟ್ಟಳು. ಆಮೇಲೆ ನನ್ನ ಚಾಕು ಎತ್ತಿ ಬೆಳಕಿಗೆ ಹಿಡಿದಳು.

“ಅಲಗು ಒರಸೀರಿ, ಕೀಲಿನ್ಯಾಗ ಪುಡಿ ಹಂಗ ಐತಿ. ಇದನ್ನ ಬಿಚ್ಚಾಕ ಬರ್ತೈತೇನ್ರಿ?”

“ಇಲ್ಲ,” ಎಂದೆ. “ಹಿತ್ತಾಳಿ ಪಟ್ಟಿ ಬೆಸದಾರ. ನೀರಾಗ ನೆನಸಿದ್ರ ಕೊಂಬು ಉಬ್ಬತೈತಿ.”

ತಂದೆ ಮೂಗು ಒರೆಸಿಕೊಂಡು ಕೇಳಿದರು: “ಎಷ್ಟ ಕೊಟ್ರಿ ಇದಕ್ಕ?”

ಸೋದರಮಾವ ನನ್ನ ಕಾಲು ತುಳಿದ. ಕಡಿಮೆ ಹೇಳಿ ಪಾರಾಗಬಹುದಿತ್ತು. ಆದರೆ ವ್ಯಾಪಾರಿಯ ಮುಂದೆ ಬೆಲೆಯಲ್ಲಿ ಸುಳ್ಳು ಹೇಳುವುದು ದಡ್ಡತನ, ನಾಳೆಯೇ ವಿಚಾರಿಸುತ್ತಾರೆ. ಇದ್ದದ್ದನ್ನು ಹೇಳಿದೆ. ಅಜ್ಜಿ ಹಣೆ ಬಡಿದುಕೊಂಡರು.

“ಅಷ್ಟು ರೊಕ್ಕ ಯಾತಕ್ಕ ಕೊಟ್ಟಂಗಾತು?” ಎಂದು ತಂದೆ ಮತ್ತೆ ಕೇಳಿದರು.

“ಅರ್ಧ ಉಕ್ಕಿಗೆ, ಅದು ಖರೇ ವಸೂಲಾತ್ರಿ. ಉಳಿದರ್ಧ ಕೊಂಬಿಗೆ. ಅದು ನನ್ನ ಜಂಬಕ್ಕ ಕೊಟ್ಟದ್ದು. ಇನ್ನೊಮ್ಮಿ ತಗೊಂಡ್ರ ಉಕ್ಕು ಇದ ಇರಲಿ, ಕಟ್ಟಿಗಿ ಹಿಡಿಕಿ ಸಾಕು, ಕೀಲು ಬಿಚ್ಚಾಕ ಬರ್ಬೇಕು.”

ಇಂದಿಗೂ ಕೇಳಿದವರಿಗೆಲ್ಲ ನಾನು ಹೇಳುವುದು ಅದನ್ನೇ. ಉಕ್ಕಿಗೆ ದುಪ್ಪಟ್ಟು ಕೊಡಿ, ಚೌಕಾಸಿ ಮಾಡಿಯೇ ಕೊಡಿ. ಅಲಂಕಾರಕ್ಕೆ ಬಿಡಿಗಾಸೂ ಬೇಡ.

ಅಂದು ನನ್ನ ಮಾತು ಮುಗಿದ ಮೇಲೆ ಹುಡುಗಿ, ಅವಳ ತಂದೆ ಒಳಗೆ ಹೋದರು. ಬಾಗಿಲ ಆಚೆಯಿಂದ ಅವಳ ದನಿ ಕೇಳಿಸಿತು: “ತಪ್ಪಾತು ಅನ್ನಾಕ ಬರ್ತೈತಿ ಅವರಿಗೆ. ನಂಗ ಸಾಕು.”

ಸಂಬಂಧ ಒಪ್ಪದ ಮನೆಯಲ್ಲಿ ನಮ್ಮ ಕಡೆ ಊಟಕ್ಕೆ ಕೂರಿಸುವುದಿಲ್ಲ. ಚಹಾ ಕೊಟ್ಟು ಕಳಿಸುತ್ತಾರೆ. ತಂದೆ ಹೊರಗೆ ಬಂದು, ಇನ್ನೂ ಕೆಂಪಗಿದ್ದ ಕಣ್ಣುಗಳಿಂದಲೇ ನಮ್ಮನ್ನು ನೋಡಿ, “ಕೈಕಾಲು ತೊಳಕೊಳ್ರಿ, ರೊಟ್ಟಿ ಬಿಸಿ ಅದಾವ,” ಎಂದರು.