ಎದುರುಮನೆ ಮಾಮ ಕಟ್ಟಿದ ಹಲ್ಲುಗಳು

ಮೊಮ್ಮಗಳನ್ನು ಕರೆದುಕೊಂಡು ಕೋಲಾರದ ಒಂದು ಕಾಲೇಜಿನ ಮ್ಯೂಸಿಯಂಗೆ ಹೋಗಿದ್ದೆ. ಪಳೆಯುಳಿಕೆಗಳ ಸಾಲಿನ ಕೊನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮೊಸಳೆಯಂಥ ಉದ್ದ ಮೂತಿಯ ತಲೆಬುರುಡೆ. ಮೀನು ತಿಂದು ಬದುಕುತ್ತಿದ್ದ ಡೈನೋಸಾರಿನದು, ಪ್ಲಾಸ್ಟರಿನಲ್ಲಿ ತೆಗೆದ ಪ್ರತಿ ಎಂದು ಚೀಟಿ ಅಂಟಿಸಿದ್ದರು. ಒಂದು ಹಲ್ಲೂ ಮುರಿದಿರಲಿಲ್ಲ.

ಆ ಹಲ್ಲು ಕಟ್ಟಿದವರು ನಮ್ಮ ಎದುರುಮನೆ ಮಾಮ. ಮುಳಬಾಗಿಲಿನಲ್ಲಿ ಗಣೇಶನ ವಿಗ್ರಹ ಮಾಡುತ್ತಿದ್ದರು. ಒಂದು ಬೆರಳು ಮುಕ್ಕಾದರೂ ಆ ವಿಗ್ರಹ ಅವರ ಶೆಡ್ಡಿನಿಂದ ಹೊರಗೆ ಹೋಗದು. ಮರದ ಕೊಡತಿಯಿಂದ ತಾವೇ ಹೊಡೆದು ಪುಡಿ ಮಾಡುತ್ತಿದ್ದರು. ಸ್ವಲ್ಪ ಬಣ್ಣ ಬಳಿದರೆ ಯಾರಿಗೂ ಗೊತ್ತಾಗಲ್ಲ ಮಾಮ, ಎಂದು ಟೊಮೆಟೊ ವ್ಯಾಪಾರ ಮಾಡುತ್ತಿದ್ದ ನಾನು ಎಷ್ಟೋ ಸಲ ಹೇಳಿದ್ದೆ.

"ಇದೇನು ನಿನ್ನ ಟೊಮೆಟೊ ಬಾಕ್ಸ್ ಏನ್ರಾ, ಕೊಳೆತಿದ್ದು ಕೆಳಗೆ, ಚೆನ್ನಾಗಿರೋದು ಮೇಲೆ ಇಡೋಕೆ?" ಅನ್ನುತ್ತಿದ್ದರು.

ಆ ಕಾಲೇಜಿನ ಲೆಕ್ಚರರ್ ಒಬ್ಬರಿಗೆ ತಮ್ಮ ಮ್ಯೂಸಿಯಂಗೆ ಇಂಥ ಬುರುಡೆಯ ಪ್ರತಿಯೊಂದು ಬೇಕಾಗಿತ್ತು. ಅಚ್ಚು ತೆಗೆಯಲು ಬೇರೆ ಊರಿನ ಮ್ಯೂಸಿಯಂನಲ್ಲಿದ್ದ ಬುರುಡೆಯನ್ನು ಕಾಡಿಬೇಡಿ ಎರವಲು ತಂದಿದ್ದರು. ಮಾಮನ ಹತ್ತಿರ ಕರೆದುಕೊಂಡು ಹೋದವನು ನಾನೇ. "ಹೊಸದರ ಹಾಗೆ ಮಾಡಿಕೊಡ್ತಾರೆ ಸಾರ್" ಎಂದು ಜಂಬ ಕೊಚ್ಚಿದವನೂ ನಾನೇ. ವ್ಯಾಪಾರದಲ್ಲಿ ಇಷ್ಟು ವರ್ಷ ಪಳಗಿದವನ ಮಾತು ಕೇಳಿ: ಕೆಲಸ ಒಪ್ಪಿಸುವಾಗ ಏನು ಮಾಡಬಾರದು ಎನ್ನುವುದನ್ನು ಮೊದಲು ಹೇಳಿ. ನಾನು ಹೇಳಲಿಲ್ಲ.

ಆ ಬುರುಡೆಯ ಅರ್ಧ ಹಲ್ಲು ಮುರಿದಿದ್ದವು, ಕೆನ್ನೆಯ ಮೇಲೆ ದೊಡ್ಡ ಬಿರುಕು. ಭಿನ್ನವಾದದ್ದರ ಅಚ್ಚು ತೆಗೆಯುವುದುಂಟೆ? ಎರವಲು ತಂದ ಬುರುಡೆಯ ಮೇಲೇ ಮಾಮ ಪ್ಲಾಸ್ಟರು ಮೆತ್ತಿ ಬಿರುಕು ಮುಚ್ಚಿದರು, ಒಂದೊಂದಾಗಿ ಹಲ್ಲು ಕಟ್ಟಿದರು, ಆಮೇಲೆ ಅಚ್ಚು ತೆಗೆದರು.

ಲೆಕ್ಚರರ್ ಬಂದು ನೋಡಿದರು. ಮುಖ ಸುಣ್ಣವಾಯಿತು.

"ಯಾವನೋ ನಿಂಗೆ ರಿಪೇರಿ ಮಾಡು ಅಂದಿದ್ದು? ಆ ಬಿರುಕು ಇದ್ದಿದ್ದು ಹಂಗೇ ಇರಬೇಕಿತ್ತು ಕಣೋ! ನಾನೇನಂತ ವಾಪಸ್ ಕೊಡ್ಲಿ?"

"ಮುರಿದಿದ್ದು ನನ್ನ ಕೈಯಿಂದ ಆಚೆ ಹೋಗಲ್ಲ ಸಾರ್. ನಮ್ಮಪ್ಪನ ಕಾಲದಿಂದಲೂ ಇಲ್ಲ."

ಫಟೀರ್ ಎಂದು ಕೆನ್ನೆಗೆ ಬಿತ್ತು. ಮಾಮನ ತುಟಿ ಒಡೆದು ರಕ್ತ ಬಿಳಿ ಪುಡಿಯ ಮೇಲೆ ತೊಟ್ಟಿಕ್ಕಿತು. ಮಾಮ ಲೆಕ್ಚರರ ಕಾಲರಿಗೆ ಎಡಗೈ ಹಾಕಿ, ಕೆಲಸದ ಚಪ್ಪಡಿಯ ಮೇಲೆ ಅವರನ್ನು ಕೆಡವಿ, ಬಲಗೈಯನ್ನು ಉಳಿಯ ಕಡೆ ಚಾಚಿದರು. ಉಳಿ ಸಿಕ್ಕಿದ್ದರೆ ಕೊಲೆಯಾಗುತ್ತಿತ್ತು. ನನ್ನ ಕೈಗೆ ಸಿಕ್ಕಿದ್ದು ಕೊಡತಿ. ಎತ್ತಿ ಆ ಬಲಗೈ ಮೇಲೆ ಹೊಡೆದೆ. ಮೂಳೆ ಮುರಿದ ಸದ್ದು ಕೇಳಿಸಿತು... ತಡೆಯಲಿಕ್ಕೆ ಅಷ್ಟು ಜೋರು ಬೇಕಿರಲಿಲ್ಲ.

ಕೂಗು ಕೇಳಿ ಬೀದಿಯೇ ನುಗ್ಗುವಷ್ಟರಲ್ಲಿ ಕೊಡತಿಯನ್ನು ಲೆಕ್ಚರರ ಕಾಲಬಳಿ ಎಸೆದಿದ್ದೆ. ಮಾಮ ಕೈ ಹಿಡಿದುಕೊಂಡು ಒದ್ದಾಡುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಲೆಕ್ಚರರನ್ನು ಎಳೆದು ಒದ್ದರು, ಶರ್ಟು ಹರಿದರು, ಮೂಗು ಜಜ್ಜಿದರು. "ನಾನಲ್ಲ, ನಾನಲ್ಲ" ಎಂದು ಅವರು ನನ್ನ ಕಡೆ ನೋಡುತ್ತಲೇ ಇದ್ದರು. ನಾನು ಬಾಯಿ ಬಿಡಲಿಲ್ಲ. ಗಾಯ ಮಾಯುವ ಮೊದಲೇ ಅವರು ವರ್ಗ ಮಾಡಿಸಿಕೊಂಡು ಹೋದರಂತೆ. ಮಾಮ ತೆಗೆದ ಪ್ರತಿಯನ್ನು ಕಾಲೇಜಿನವರು ಬಂದು ಒಯ್ದರು.

ಮಾಮನ ಬೆರಳುಗಳನ್ನು ಮತ್ತೆ ಮಡಚಲಾಗಲಿಲ್ಲ. ಗಣಪನ ಕಣ್ಣು ಬರೆಯುತ್ತಿದ್ದ ಕೈಯಲ್ಲಿ ಅನ್ನ ಕಲಸಲೂ ಆಗದು. ಮಾಮನ ಹೆಂಡತಿ ಅತ್ತೆ ತುತ್ತು ಮಾಡಿ ಇಡುತ್ತಿದ್ದರು. ಆ ಲೆಕ್ಚರರಿಗೆ ಶಾಪ ಹಾಕದೆ ಒಂದು ಊಟವೂ ಮುಗಿಯುತ್ತಿರಲಿಲ್ಲ. ಮಾಮ ಮಾತ್ರ ತಟ್ಟೆ ನೋಡುತ್ತಾ ಕೂತಿರುತ್ತಿದ್ದರು. ಹೊಡೆದವನು ಯಾರೆಂದು ಅವರು ನೋಡಿದ್ದರು. ಸಾಯುವವರೆಗೂ ಹೇಳಲಿಲ್ಲ... ಯಾಕೆ ಹೇಳಲಿಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಮ್ಯೂಸಿಯಂನಿಂದ ಮೊಮ್ಮಗಳನ್ನು ಮನೆಗೆ ಬಿಟ್ಟು ನೇರ ಅತ್ತೆಯ ಹತ್ತಿರ ಹೋದೆ. ಕಾಫಿ ಕೊಟ್ಟರು. ಎರಡು ಗುಟುಕು ಕುಡಿದು ಹೇಳಿಬಿಟ್ಟೆ.

"ಅತ್ತೆ, ಮಾಮನ ಕೈ ಮುರಿದಿದ್ದು ಆ ಮೇಷ್ಟ್ರಲ್ಲ. ನಾನು."

ಅತ್ತೆ ಲೋಟವನ್ನು ನನ್ನ ಕೈಯಿಂದ ಕಿತ್ತುಕೊಂಡು, ಉಳಿದ ಕಾಫಿಯನ್ನು ಅಂಗಳಕ್ಕೆ ಚೆಲ್ಲಿ, ಒಳಗೆ ಹೋಗಿ ಚಿಲಕ ಹಾಕಿಕೊಂಡರು.