ಗೋಡೆ ಗಡಿಯಾರದ ಹದಿನೈದು ನಿಮಿಷ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಲಿನಕ್ಸ್ ಪಂಡಿತನಾಗಿದ್ದೆ. ಅಂದರೆ, ಇಡೀ ಊರಿನಲ್ಲಿ ಲಿನಕ್ಸನ್ನು ಕೆಡಿಸಬಲ್ಲವನು ನಾನೊಬ್ಬನೇ. ಕ್ಲಾಸಿನಲ್ಲಿ ಲಿನಕ್ಸ್ ಹಾಕಿದ್ದ ಕಂಪ್ಯೂಟರ್ ಒಂದೇ; ವಿದ್ಯಾರ್ಥಿಗಳ ಹಾಜರಿಯನ್ನು, ಬಂದ ಸಮಯದ ಸಮೇತ, ಆ ಯಂತ್ರವೇ ಬರೆದುಕೊಳ್ಳುತ್ತಿತ್ತು. ಅದರೊಳಗಿನ ಬ್ಯಾಟರಿ ಸತ್ತಿದ್ದರಿಂದ, ಕರೆಂಟ್ ಹೋಗಿ ಬಂದಾಗಲೆಲ್ಲ ಹಳೆಯ ಯಾವುದೋ ವರ್ಷದಲ್ಲಿ ಕಣ್ಣು ಬಿಡುತ್ತಿತ್ತು. ಕರೆಂಟೋ, ದಿನಾ ಹೋಗುತ್ತಿತ್ತು. ಬೆಳಗಾದರೆ ಗೋಡೆ ಗಡಿಯಾರ ನೋಡಿ ಅದಕ್ಕೆ ಸಮಯ ಹೇಳಿಕೊಟ್ಟು ನನಗೆ ಸಾಕಾಗಿತ್ತು.

ಇಂಟರ್‌ನೆಟ್‌ನಿಂದ ಸಮಯ ಕೇಳಿ ತರುವ ಪ್ರೋಗ್ರಾಮನ್ನೂ ಹಾಕಿದ್ದೆ. ಯಂತ್ರ ಏಳುತ್ತಲೇ ಅದೂ ಏಳುತ್ತಿತ್ತು. ಆದರೆ ಫೋನ್ ಮೂಲಕ ಇಂಟರ್‌ನೆಟ್ ಸೇರಿಸುವ ಮೋಡೆಮ್‌ಗೆ ಲೈನ್ ಸಿಗುತ್ತಿದ್ದದ್ದು ಹನ್ನೊಂದರ ಮೇಲೆ, ಕ್ಲಾಸಿನ ಯಜಮಾನರ ಫೋನ್ ಮಾತು ಮುಗಿದಾಗ. ಅಷ್ಟರಲ್ಲಿ ಪ್ರೋಗ್ರಾಮ್, ಯಾರೂ ಸಿಗದೆ ಸುಮ್ಮನೆ ಕೂತಿರುತ್ತಿತ್ತು. ಲೈನ್ ಸಿಕ್ಕ ಮೇಲೆ ಅದನ್ನು ಮತ್ತೆ ಎಬ್ಬಿಸಬೇಕೆಂದು ನನಗೆ ಹೊಳೆಯಲಿಲ್ಲ. ಅದು ಕೆಲಸದಲ್ಲಿದೆ ಎಂದು ಪರದೆ ಹೇಳುತ್ತಿತ್ತು. ನಾನೂ ಕೆಲಸದಲ್ಲಿದ್ದೇನೆ ಎಂದು ಯಜಮಾನರು ನಂಬಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಯಜಮಾನರು ಹಾಜರಿಯ ಹಾಳೆ ಹಿಡಿದು ಬಂದರು. ಕಡರನಾಯಕನಹಳ್ಳಿಯ ಹುಡುಗಿಯೊಬ್ಬಳ ಹೆಸರಿಗೆ ಗೆರೆ ಎಳೆದಿದ್ದರು. ಆಕೆ ಅವರ ಹಿಂದೆಯೇ ನಿಂತಿದ್ದಳು.

"ದಿನಾ ಲೇಟು. ಪರೀಕ್ಷೆಗೆ ಕೂಡ್ಸೋದು ಬ್ಯಾಡ."

"ಇಲ್ರಿ ಸರ್," ಅಂದಳು ಆಕೆ. "ಹರಿಹರದಾಗ ಬಸ್ ಬದಲಿಸಿ ಬರ್ತೀನ್ರಿ. ಒಂದಿನಾನೂ ಒಂಬತ್ತು ದಾಟಿಲ್ಲ."

ಹಾಳೆಯಲ್ಲಿ ದಿನಾ ಒಂಬತ್ತು ಹತ್ತು, ಒಂಬತ್ತು ಹನ್ನೆರಡು. ನಾನು ಒಮ್ಮೆ ಗೋಡೆ ಗಡಿಯಾರ ನೋಡಿದೆ, ಒಮ್ಮೆ ಯಂತ್ರ ನೋಡಿದೆ.

"ಸರ್, ಒಂದೈದು ನಿಮಿಷ ಫೋನ್ ಬಿಡ್ರಿ."

ಮೋಡೆಮ್ ಕಿರುಚಿ ಕಿರುಚಿ ಕೊನೆಗೆ ಸೇರಿಕೊಂಡಿತು. ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಯಂತ್ರದ ಸಮಯ ಹದಿನೈದು ನಿಮಿಷ ಹಿಂದಕ್ಕೆ ಜಿಗಿಯಿತು. ಯಜಮಾನರು ತಮ್ಮ ಕೈಗಡಿಯಾರ ನೋಡಿಕೊಂಡರು. ಅದೂ ಯಂತ್ರದ ಪಕ್ಷವೇ.

"ಗೋಡೆ ಗಡಿಯಾರ ನಾನೇ ಮುಂದಿಟ್ಟೀನಿ, ನಿನ್ನಂಥೋರು ಟೈಮಿಗೆ ಬರ್ಲಿ ಅಂತ. ಗೊತ್ತಿರ್ಲಿಲ್ಲೇನಲೇ?"

ಗೊತ್ತಿತ್ತು. ಅದರಲ್ಲಿ ಹದಿನೈದು ಕಳೆದೇ ನಾನು ದಿನಾ ಚಹಾಕ್ಕೆ ಹೋಗಿ ಬರುತ್ತಿದ್ದೆ. "ಯಂತ್ರಕ್ಕೆ ಹೇಳುವಾಗ ಮಾತ್ರ ಹದಿನೈದು ಕಳಿಯೋದು ಮರ್ತೀನ್ರಿ ಸರ್," ಅಂದೆ.

"ಈ ಹುಡ್ಗಿ ಪರೀಕ್ಷೆಗೆ ಕೂಡ್ಲಿ," ಅಂದು ಯಜಮಾನರು ಹೋದರು.

ಆಕೆ ನನ್ನನ್ನೇ ನೋಡಿದಳು. "ಸರ್, ಕಳಿಯೋ ಲೆಕ್ಕ ಪರೀಕ್ಷೆಯಾಗ ಬರುತ್ತೇನ್ರಿ?"

"ಇಲ್ಲಮ್ಮ."

"ಪುಣ್ಯ ಬಿಡ್ರಿ. ನೀವೇ ಕಲಿಸ್ಬೇಕಿತ್ತಲ್ಲ."

ಅಂದಿನಿಂದ ಎಂಟು ಐವತ್ತಕ್ಕೆ ಐದು ನಿಮಿಷ ಫೋನ್ ನನ್ನದಾಯಿತು. ನಿದ್ದೆಗಣ್ಣಿನಲ್ಲಿ ಮೋಡೆಮ್‌ನ ಕಿರುಚಾಟ ಮುಗಿಯುವವರೆಗೆ ಕಾದು, ಪ್ರೋಗ್ರಾಮನ್ನು ಎಬ್ಬಿಸಿ, ಆಮೇಲೆ ಬಾಗಿಲು ತೆಗೆಯುತ್ತಿದ್ದೆ. ಹೊರಗೆ ಆಕೆ ಆಗಲೇ ಬಂದು ನಿಂತಿರುತ್ತಿದ್ದಳು.