ಕೋಲು ಹಿಡಿಯುವ ಗೂಟ

ನನ್ನ ತಮ್ಮನನ್ನು ಎಲ್ಲರೂ ಗೂಟ ಎಂದೇ ಕರೆಯುತ್ತಾರೆ. ನಿಲ್ಲಿಸಿದಲ್ಲಿ ನಿಲ್ಲುವವನು. ಅವನ ಕೆಲಸವೂ ಅದೇ, ಅಂಕೆ ಬರೆದ ಉದ್ದನೆಯ ಅಳತೆಗೋಲನ್ನು ನೆಟ್ಟಗೆ ಹಿಡಿದು ನಿಲ್ಲುವುದು. ನಮ್ಮಣ್ಣ ದೂರದಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನು ಇಟ್ಟು ಆ ಅಂಕೆ ಓದಿ ನೆಲದ ಏರಿಳಿತ ಲೆಕ್ಕ ಹಾಕುತ್ತಾನೆ. ದುರ್ಬೀನಿಗೆ ಬಿಸಿಲು, ಗಾಳಿ ತಾಗದಂತೆ ಕೊಡೆ ಹಿಡಿಯುವವಳು ನಾನು. ಬಾಡಿಗೆ ಮನೆಯ ಮುಂದಿನ ಕೋಣೆಯೇ ನಮ್ಮ ಕಚೇರಿ. ಒಂದು ಮೇಜು, ಗೋಡೆಗೆ ಒರಗಿಸಿದ ಕೋಲುಗಳು, ಬಾಗಿಲ ಹಿಂದೆ ಕೆಸರು ಒಣಗಿದ ಬೂಟುಗಳು.

ಅಣ್ಣನಿಗೆ ಬಾಯಿಗಿಂತ ಕೈ ಮುಂದು. ಗೂಟ ಚಿಕ್ಕವನಿದ್ದಾಗ ಬೆಲ್ಟು ಬಿಚ್ಚುತ್ತಿದ್ದ, ದೊಡ್ಡವನಾದ ಮೇಲೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದ. ಅಮ್ಮ ಅಡುಗೆಮನೆಯಿಂದಲೇ "ತಲೆಗೆ ಹೊಡೀಬೇಡ್ವೋ" ಎನ್ನುವಳು, ಮಿಕ್ಕ ಕಡೆಗೆ ಪರವಾನಗಿ ಕೊಟ್ಟವಳಂತೆ. ನಡುವೆ ನುಗ್ಗಿ ನಾನೂ ಬೇಕಾದಷ್ಟು ತಿಂದಿದ್ದೇನೆ. ಗೂಟ ಮಾತ್ರ ತಿರುಗಿ ಒಂದು ಮಾತಾಡಿದವನಲ್ಲ.

ನಮ್ಮ ಕೆಲಸಕ್ಕೊಂದು ನಿಯಮವಿದೆ. ಮೆತ್ತಗಿನ ನೆಲದಲ್ಲಿ ಕಬ್ಬಿಣದ ತಟ್ಟೆ ತುಳಿದು ಕೂರಿಸಿ ಅದರ ಮೇಲೆ ಕೋಲು ನಿಲ್ಲಿಸುತ್ತೇವೆ. ಒಮ್ಮೆ ಅಂಕೆ ಓದಿದ ಮೇಲೆ ದುರ್ಬೀನು ಹೊತ್ತು ಮುಂದಕ್ಕೆ ಹೋಗಿ, ಅಲ್ಲಿಂದ ತಿರುಗಿ ಅದೇ ಕೋಲನ್ನು ಮತ್ತೆ ಓದಬೇಕು. ಅಷ್ಟರೊಳಗೆ ಕೋಲು ಕದಲಿತೋ, ಅಲ್ಲಿಯವರೆಗಿನ ಲೆಕ್ಕವೆಲ್ಲ ನೀರಲ್ಲಿ ಹೋಮ. ಮತ್ತೆ ಮೊದಲಿನಿಂದ ಶುರು. ಹಿಂದೊಮ್ಮೆ ಗೂಟ ಕಾಲಿಗೆ ಕಚ್ಚಿದ ಜಿಗಣೆ ಕೀಳಲು ಕೋಲು ಎತ್ತಿದ್ದ. ಅವನ ಮುಂದಿನ ಹಲ್ಲು ಹೋದದ್ದು ಅವತ್ತೇ.

ಒಂದು ಬೋಳುಗುಡ್ಡದ ತುದಿಯಲ್ಲಿ ಯಾರೋ ಟವರ್ ನಿಲ್ಲಿಸುವವರಿದ್ದರು. ಗುಡ್ಡದ ಎತ್ತರ ಅಳೆದು ಹೇಳಬೇಕಿತ್ತು. ಮರವೆಂಬುದಿಲ್ಲ, ಎದೆಮಟ್ಟದ ಹುಲ್ಲು, ಅದರಡಿ ಕಪ್ಪು ಜೌಗು. ಅಣ್ಣ ಬುಡದಿಂದಲೂ ಬೈಯುತ್ತಲೇ ಹತ್ತಿದ. ತುದಿ ಕಣ್ಣಿಗೆ ಬಿದ್ದಾಗ ಗೂಟನನ್ನು ಒಂದು ತಗ್ಗಿನಲ್ಲಿ ನಿಲ್ಲಿಸಿ, "ಕದಲಿದ್ರೆ ಕಾಲು ಮುರೀತೀನಿ" ಎಂದ. ಅಂಕೆ ಓದಿಕೊಂಡು ನಾವಿಬ್ಬರು ಮುಂದೆ ಹೋದೆವು.

ಅಲ್ಲಿ ದುರ್ಬೀನು ನಿಲ್ಲಿಸಿ ಅಣ್ಣ ಕಣ್ಣಿಟ್ಟರೆ ಅಂಕೆ ಒಂದೇ ಸಮನೆ ಏರುತ್ತಿತ್ತು. ಎಂದರೆ ಕೋಲು ಕೆಳಗಿಳಿಯುತ್ತಿತ್ತು.

"ಬೇಕಂತಲೇ ಒತ್ತುತಿದಾನೆ, ನನ್ಮಗ" ಎಂದವನೇ ಅಣ್ಣ ಓಡಿದ. ನಾನು ಹಿಂದೆ ಓಡಿದೆ. ಹುಲ್ಲು ಸರಿಸಿದವನೇ ಗೂಟನ ಕಪಾಳಕ್ಕೆ ಬಿಗಿದ. ಕೆಳಗೆ ನೋಡಿದ್ದು ಆಮೇಲೆ. ಗೂಟ ಸೊಂಟದವರೆಗೆ ಜೌಗಿನಲ್ಲಿ ಹೂತುಹೋಗಿದ್ದ. ತುಟಿ ನೀಲಿಗಟ್ಟಿತ್ತು, ಕೈ ಕೋಲು ಬಿಟ್ಟಿರಲಿಲ್ಲ.

ಕಂಕುಳಿಗೆ ಕೈ ಹಾಕಿ ಎಳೆದೆವು. ಅವನ ಭುಜ ಲಟಕ್ಕೆಂದಿತು. ಮೇಲೆ ಬಂದು ಬಿದ್ದವನನ್ನು ಅಣ್ಣ ಅಳುತ್ತಲೇ ಮತ್ತೆ ಚಚ್ಚತೊಡಗಿದ.

"ಬಾಯಿ ಬಿದ್ದೋಗಿತ್ತೇನೋ? ಒಂದ್ಸಲ ಕೂಗೋಕೆ ಆಗ್ಲಿಲ್ವಾ?"

"ಕದಲಬೇಡ ಅಂದಿದ್ಯಲ್ಲ" ಎಂದ ಗೂಟ.

ಅಣ್ಣ ಮತ್ತೆ ಕೈ ಎತ್ತಿದ. ಗೂಟ ಆ ಕೈಗೇ ಕೋಲು ಬೀಸಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಸುಳ್ಳೇಕೆ, ಖುಷಿಯಾಯಿತು.

ಆಸ್ಪತ್ರೆಯಲ್ಲಿ ಅಣ್ಣ ಜಾರಿ ಬಿದ್ದೆ ಎಂದ. ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ದುರ್ಬೀನಿನ ತಿರುಪು ಹಿಡಿಯುವ ಶಕ್ತಿಯಿಲ್ಲ, ಒಪ್ಪಿಕೊಂಡ ಕೆಲಸ ಬಿಡುವಂತಿಲ್ಲ. ಹಾಗಾಗಿ ಎರಡನೆಯ ಸಲ ಹತ್ತಿದಾಗ ದುರ್ಬೀನು ಗೂಟನದು, ಎಡಗೈಯಲ್ಲಿ ಕೋಲು ಅಣ್ಣನದು. 

ಅದೇ ತಗ್ಗು ಬಂದಾಗ ಗೂಟ ಕೈ ತೋರಿಸಿದ. "ಅಲ್ಲೇ."

ಅಣ್ಣ ಅವನ ಮುಖ ನೋಡಿದ. ಆಮೇಲೆ ಇಳಿದು ತಟ್ಟೆ ತುಳಿದು ನಿಂತ.

"ಕದಲಬೇಡ" ಎಂದ ಗೂಟ. ಅಂಕೆ ಓದಿಕೊಂಡು ನಾವು ಮುಂದೆ ಹೋದೆವು.

ಮತ್ತೆ ದುರ್ಬೀನು ನಿಲ್ಲಿಸಿ ಗೂಟ ಕಣ್ಣಿಟ್ಟ. ತಿರುಪು ತಿರುವುತ್ತಲೇ ಇದ್ದ.

"ಅಂಕೆ ನಿಂತಿದೆಯೇನೋ?" ಎಂದೆ.

"ಏರ್ತಾ ಇದೆ ಅಕ್ಕ."

"ಕರಿ ಅವನನ್ನ."

"ಅವನೇ ಕರೀಲಿ."

ಅಣ್ಣ ಕರೆಯುವವನಲ್ಲ. ತಾನೇ ಹಾಕಿದ ನಿಯಮ, ಎದುರಿಗಿರುವುದು ತನ್ನಿಂದ ಒದೆ ತಿಂದು ಬೆಳೆದ ತಮ್ಮ. ಸತ್ತರೂ ಕೋಲು ಎತ್ತುವುದಿಲ್ಲ. ಹುಲ್ಲಿನಲ್ಲಿ ಅವನ ಭುಜ ಮರೆಯಾಯಿತು, ಆಮೇಲೆ ಗದ್ದ. ಗೂಟ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಹಲ್ಲಿಲ್ಲದ ಸಂದು ಕಾಣುತ್ತಿತ್ತು. ನಗುತ್ತಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಇವನ ಪಾಲಿನ ಏಟು ತಿಂದದ್ದು ಈ ನಗು ನೋಡುವುದಕ್ಕಲ್ಲ. ಕೊಡೆ ಮಡಚಿ ಅದರ ಹಿಡಿಯಿಂದ ಅವನ ನೆತ್ತಿಗೆ ಬಾರಿಸಿದೆ. ಅವನು ಕುಸಿದ. ಸ್ಟ್ಯಾಂಡಿಗೆ ಜಾಡಿಸಿ ಒದ್ದೆ. ದುರ್ಬೀನು ಕಲ್ಲಿಗೆ ಬಡಿದು ಗಾಜು ಪುಡಿಯಾಯಿತು.

"ಲೆಕ್ಕ ಹೋಯ್ತು ಅಣ್ಣ, ಕೋಲು ಬಿಡು" ಎಂದು ಕೂಗುತ್ತಾ ಓಡಿದೆ.

ಅಣ್ಣ ಕೋಲನ್ನು ಅಡ್ಡ ಹಾಕಿ ಅದರ ಮೇಲೆ ಎದೆಯೂರಿದ. ನನ್ನೊಬ್ಬಳಿಂದ ಎಳೆಯಲಾಗಲಿಲ್ಲ. ಕೈ ಸೋಲುವ ಹೊತ್ತಿಗೆ ಪಕ್ಕದಿಂದ ಇನ್ನೆರಡು ಕೈ ಬಂದವು. ಗೂಟನ ಕಿವಿಯ ಹಿಂದಿನಿಂದ ಇಳಿದ ರಕ್ತ ಅಣ್ಣನ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಇಬ್ಬರೂ ಸೇರಿ ಅವನನ್ನು ಕಿತ್ತು ತೆಗೆದೆವು.

ಆ ಗುಡ್ಡವನ್ನು ಬೇರೆ ಯಾರೋ ಅಳೆದರು. ಎತ್ತರ ಎಷ್ಟು ಬಂತೆಂದು ನಾವು ಕೇಳಲಿಲ್ಲ.

ಅವತ್ತು ಮನೆಗೆ ಬಂದಾಗ ಗೂಟನ ನೆತ್ತಿ ನೋಡಿ ಅಮ್ಮ ಅಣ್ಣನ ಮೇಲೆ ಹರಿಹಾಯ್ದಳು. "ತಲೆಗೆ ಹೊಡೀಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನೋ ನಿಂಗೆ?"

ಅಣ್ಣ ಕೆಸರು ಮೆತ್ತಿದ ಬೂಟು ಬಿಚ್ಚುತ್ತಾ ತಲೆ ತಗ್ಗಿಸಿ ಬೈಸಿಕೊಂಡ. ಹೊಡೆದವಳು ನಾನೆಂದು ಅವನು ಹೇಳಲಿಲ್ಲ. ಗೂಟನೂ ಹೇಳಲಿಲ್ಲ.